ಕೊಡದೆ ಕೊಟ್ಟ ಹಣ

ಮಾರ್ಚಿ ತಿಂಗಳೆಂದರೆ ಊರ ಕಡೆ ಬೇವಿನ ಹೂವು, ಮಾವಿನ ಮಿಡಿ, ಯುಗಾದಿಯ ಸಡಗರ. ಮುಂಬಯಿಯಲ್ಲಿ ಮನೆ ಹೂಡಿರುವ ನಮ್ಮಂಥವರಿಗೆ ಅದು ರಸೀದಿ ಹುಡುಕುವ ತಿಂಗಳು. ವಿಮೆಯ ಕಂತು ಕಟ್ಟಿದ ಚೀಟಿ ಎಲ್ಲಿ, ಮಗನ ಶಾಲೆಯ ಫೀಜಿನ ಚೀಟಿ ಎಲ್ಲಿ, ಮನೆಸಾಲದ ಬಗ್ಗೆ ಬ್ಯಾಂಕಿನವರು ಕೊಟ್ಟ ಪತ್ರ ಎಲ್ಲಿ ಎಂದು ಗಂಡ ಹೆಂಡಿರು ಒಬ್ಬರ ಮೇಲೊಬ್ಬರು ಹರಿಹಾಯುವ ತಿಂಗಳು. ಈಗ ಎಲ್ಲವೂ ಮೊಬೈಲಿನಲ್ಲಿಯೇ ಇದೆ ಎನ್ನುತ್ತಾರೆ. ಇದೆ ನಿಜ, ಆದರೆ ಟ್ರಂಕಿನಲ್ಲಿ ಹುಡುಕುವುದೂ ಮೊಬೈಲಿನಲ್ಲಿ ಹುಡುಕುವುದೂ ನಮ್ಮ ಪಾಲಿಗೆ ಒಂದೇ ಪಾಡು.

ಒಂದು ಮಾರ್ಚಿಯ ಭಾನುವಾರ ನಾವು ಹೀಗೆ ಕಾಗದಗಳನ್ನು ಹರವಿಕೊಂಡು ಕುಳಿತಿದ್ದೆವು. ಪುಣೆಯಲ್ಲಿ ಕಾನೂನು ಓದುತ್ತಿದ್ದ ನಮ್ಮ ತಂಗಿಯ ಮಗಳು ಬಂದಿದ್ದಳು. ಅವಳು ಬಂದದ್ದು ರಜೆಗೆ. ನಾವು ಅವಳನ್ನು ಕೂರಿಸಿದ್ದು ಲೆಕ್ಕಕ್ಕೆ. 1961ರ ಆದಾಯ ತೆರಿಗೆ ಕಾಯಿದೆಯ 80ಸಿ ಎಂಬ ಕಲಮಿನ ಹೆಸರನ್ನು ಕೇಳದ ಸಂಬಳದಾರನಿಲ್ಲ. ವಿಮೆ, ಭವಿಷ್ಯನಿಧಿ, ಮಕ್ಕಳ ಫೀಜು ಇತ್ಯಾದಿ ಬಾಬತ್ತುಗಳಿಗೆ ಕಟ್ಟಿದ ಹಣವನ್ನು ಆದಾಯದಿಂದ ಕಳೆದುಕೊಳ್ಳಬಹುದಿತ್ತು. ಮಿತಿ ಒಂದೂವರೆ ಲಕ್ಷ ರೂಪಾಯಿ. "ಮಾಮ, ನಿಮಗೆ 45,000 ಉಳಿಯಿತು" ಎಂದಳು ಹುಡುಗಿ. ನಮಗೆ ಸಂತೋಷವಾಯಿತು. ಯಾರಿಗಾಗುವುದಿಲ್ಲ?

ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ನಿಂತಿದ್ದ ಬಾಯಿ ಇದನ್ನು ಕೇಳಿಸಿಕೊಂಡಳು. ಅಫಜಲಪುರದ ಕಡೆಯವಳು, ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಮಾತ್ರ ಭೀಮೆಯ ದಂಡೆಯದೇ. ಅವಳೂ ಅಂಚೆ ಕಚೇರಿಯಲ್ಲಿ ತಿಂಗಳಿಗೆ 500 ರೂಪಾಯಿ ಕಟ್ಟುತ್ತಾಳೆಂದು ನಮಗೆ ಗೊತ್ತಿತ್ತು.

"ಹಂಗಾರ ಸಾಹೇಬ್ರ, ನಾ ಕಟ್ಟೂ ರೊಕ್ಕಕ್ಕ ನಂಗೆಷ್ಟ್ ಉಳಿತದ್ರಿ?"

"ನಿನಗೆ ತೆರಿಗೆಯೇ ಇಲ್ಲವಲ್ಲ, ಉಳಿಯುವುದೇನು ಬಂತು?" ಎಂದೆವು ನಾವು ನಗುತ್ತ.

"ಅಂದ್ರ ಭಾಳ ಇದ್ದವ್ರಿಗೆ ಭಾಳ, ಏನೂ ಇಲ್ಲದವ್ರಿಗೆ ಏನೂ ಇಲ್ಲ ಅನ್ರಿ" ಎಂದು ಅವಳೂ ನಕ್ಕು ಹೊರಟುಹೋದಳು.

ಹುಡುಗಿ ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು, "ಮಾಮ, ಇದೇ ಮಾತನ್ನು ಹೇಳಲಿಕ್ಕೆ ಅಮೆರಿಕಾದಲ್ಲಿ ಒಬ್ಬ ಪ್ರೊಫೆಸರು ಇಡೀ ಆಯುಷ್ಯ ಸವೆಸಿದ, ಗೊತ್ತೆ?" ಎಂದಳು. ಗೊತ್ತಿರಲಿಲ್ಲ. ಆ ರಾತ್ರಿ ಅವಳು ಹೇಳಿದ್ದನ್ನೂ, ಆಮೇಲೆ ನಾವೇ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಈ ಸಲದ ಅಂಕಣವನ್ನು ತುಂಬುತ್ತಿದ್ದೇವೆ. ತೆರಿಗೆಯೆಂದ ಕೂಡಲೆ ಪುಟ ಮಗುಚುವ ವಾಚಕರು ದಯವಿಟ್ಟು ಸ್ವಲ್ಪ ತಾಳಬೇಕು.

ಆ ಪ್ರೊಫೆಸರ ಹೆಸರು ಸ್ಟ್ಯಾನ್ಲಿ ಸರ್ರೆ. ಹುಟ್ಟಿದ್ದು 1910ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಆ ಊರಿನ ಸಿಟಿ ಕಾಲೇಜು, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾನೂನು ಶಾಲೆ. ಅವರು ಪದವಿ ಪಡೆದು ಹೊರಬಿದ್ದಾಗ ಅಮೆರಿಕಾದಲ್ಲಿ ಮಹಾ ಮುಗ್ಗಟ್ಟಿನ ಕಾಲ. ರೂಸ್‌ವೆಲ್ಟ್ ಅವರ ಸರ್ಕಾರ ಹೊಸ ಹೊಸ ಇಲಾಖೆಗಳನ್ನು ತೆರೆದು ತರುಣ ವಕೀಲರನ್ನು ಕೂಗಿ ಕರೆಯುತ್ತಿತ್ತು. ಸರ್ರೆಯವರೂ ವಾಷಿಂಗ್ಟನ್ನಿಗೆ ಹೋದರು. ಒಂದೆರಡು ಕಚೇರಿ ಸುತ್ತಿ ಕೊನೆಗೆ ಖಜಾನೆ ಇಲಾಖೆಯಲ್ಲಿ ತೆರಿಗೆ ಕಾಯಿದೆಗಳ ಕರಡು ಬರೆಯುವ ಕೆಲಸಕ್ಕೆ ನಿಂತರು. ನಡುವೆ ಯುದ್ಧಕಾಲದಲ್ಲಿ ನೌಕಾಪಡೆಯ ಸೇವೆ. 1947ರಲ್ಲಿ ಮೇಷ್ಟರಾದರು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಮೂರು ವರ್ಷದ ಮೇಲೆ ಹಾರ್ವರ್ಡಿಗೆ ಬಂದರು. ಅಲ್ಲಿ 1981ರಲ್ಲಿ ನಿವೃತ್ತಿಯಾಗುವವರೆಗೆ, ನಡುವೆ ಎಂಟು ವರ್ಷ ಬಿಟ್ಟು, ಪಾಠ ಹೇಳಿದರು. ಆ ಎಂಟು ವರ್ಷದ ವಿಚಾರ ಮುಂದೆ ಬರುತ್ತದೆ.

ಇಷ್ಟು ಹೇಳಿದರೆ ಯಾವ ಪ್ರೊಫೆಸರ ಸೇವಾ ಪುಸ್ತಕವಾದರೂ ಹೀಗೆಯೇ ಇರುತ್ತದೆ. ಸರ್ರೆ ವಿಶೇಷವೆನಿಸಿದ್ದು ಒಂದು ಗುಣದಿಂದ: ಕಾಯಿದೆಯನ್ನು ಪುಸ್ತಕದಲ್ಲಿ ಓದಿ ಪಾಠ ಹೇಳಿದವರಲ್ಲ, ಅದು ಬೇಯುವ ಅಡಿಗೆಮನೆಯಲ್ಲಿ ನಿಂತು, ಯಾರು ಯಾವಾಗ ಬಂದು ಪಾತ್ರೆಯೊಳಗೆ ಕೈಯಾಡಿಸುತ್ತಾರೆಂಬುದನ್ನು ಕಂಡು ಬಂದವರು.

1949ರಲ್ಲಿ, ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ಜಪಾನಿಗೆ ಹೊಸ ತೆರಿಗೆ ಪದ್ಧತಿ ಹಾಕಿಕೊಡಲೆಂದು ಕಾರ್ಲ್ ಶೂಪ್ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ ಒಂದು ತಂಡ ಹೋಯಿತು. ಅದರಲ್ಲಿ ಸರ್ರೆಯವರೂ ಇದ್ದರು; ಮುಂದೆ 1996ರಲ್ಲಿ ನೊಬೆಲ್ ಬಹುಮಾನ ಪಡೆದ ವಿಲಿಯಂ ವಿಕ್ರಿಯವರೂ ಇದ್ದರು. ಆ ತಂಡದ ಸಲಹೆಯಿಂದ ಹುಟ್ಟಿದ ಒಂದು ಚಿಕ್ಕ ಏರ್ಪಾಡು ನಮಗೆ ಬಹಳ ಹಿಡಿಸಿತು. ಲೆಕ್ಕದ ಪುಸ್ತಕಗಳನ್ನು ಕ್ರಮವಾಗಿ ಇಟ್ಟ ವ್ಯಾಪಾರಿ ತನ್ನ ತೆರಿಗೆ ಲೆಕ್ಕವನ್ನು ನೀಲಿ ಬಣ್ಣದ ಫಾರಮಿನಲ್ಲಿ ಸಲ್ಲಿಸಬಹುದು. ಅವನಿಗೆ ಕೆಲವು ಸೌಲಭ್ಯ. ಉಳಿದವರಿಗೆ ಬಿಳಿಯದು. ಜಪಾನಿನಲ್ಲಿ ಈಗಲೂ ನೀಲಿ ಲೆಕ್ಕವೆಂಬ ಮಾತು ಇದೆ. ಬೆದರಿಕೆಗಿಂತ ಒಂದು ಬಣ್ಣದ ಕಾಗದ ಹೆಚ್ಚು ಕೆಲಸ ಮಾಡಿತೆಂದರೆ ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ.

ಹಾರ್ವರ್ಡಿನಲ್ಲಿ ಅವರು ನಡೆಸಿದ ಅಂತರರಾಷ್ಟ್ರೀಯ ತೆರಿಗೆ ಅಭ್ಯಾಸದ ಕಾರ್ಯಕ್ರಮದಿಂದ ಒಂದೊಂದು ದೇಶದ ತೆರಿಗೆ ವ್ಯವಸ್ಥೆಯ ಮೇಲೆ ಒಂದೊಂದು ದಪ್ಪ ಗ್ರಂಥ ಹೊರಟಿತು. 1960ರಲ್ಲಿ ಭಾರತದ ಸಂಪುಟವೂ ಬಂತು. ಕಾನೂನು ಶಾಲೆಗಾಗಿ ವಿಲಿಯಂ ವಾರೆನ್ ಅವರೊಡನೆ ಬರೆದ ಪಠ್ಯಪುಸ್ತಕವೂ ಇದೆ. ಅದನ್ನು ಓದಿ ಎಷ್ಟು ಜನ ವಕೀಲರಾದರೋ!

ಆದರೆ 1957ರಲ್ಲಿ ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಬರೆದ ಒಂದು ಲೇಖನದಲ್ಲಿ ಅವರು ನಿಜವಾಗಿ ಕೈ ಹಾಕಿದ್ದು ಹುತ್ತಕ್ಕೆ. ಅಮೆರಿಕಾದಲ್ಲಿ ಆಗ ಅತ್ಯುಚ್ಚ ಆದಾಯಕ್ಕೆ ನೂರಕ್ಕೆ 90ಕ್ಕೂ ಮಿಕ್ಕಿ ತೆರಿಗೆ. ಕಾಗದದ ಮೇಲೆ ನೋಡಿದರೆ ಧನಿಕರ ಪಾಡು ಯಾರಿಗೂ ಬೇಡ. ಆದರೆ ಕಾಯಿದೆಯ ಹೊಟ್ಟೆಯಲ್ಲಿ ಅಲ್ಲಲ್ಲಿ ಕಿಂಡಿಗಳು. ಒಂದನ್ನು ಹೇಳುತ್ತೇವೆ. 1951ರಲ್ಲಿ ಒಂದು ಕಲಮು ಸೇರಿತು: ಒಂದೇ ಕಡೆ 20 ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಮುಂದಿನ ಲಾಭದಲ್ಲಿ ಪಾಲು ಕೇಳುವ ಹಕ್ಕು 12 ವರ್ಷಗಳಿಂದ ಇದ್ದು, ಕೆಲಸ ಬಿಟ್ಟ ಮೇಲೂ ಇಂತಿಷ್ಟು ಕಾಲ ಆ ಹಕ್ಕು ನಡೆಯುವಂತಿದ್ದರೆ, ಅದನ್ನು ಮಾರಿ ಬಂದ ಹಣಕ್ಕೆ ಕೇವಲ ಬಂಡವಾಳ ಲಾಭದ ತೆರಿಗೆ, ಅಂದರೆ ಸುಮಾರು ಕಾಲು ಭಾಗ ಮಾತ್ರ. ಯಾರಿಗಪ್ಪ ಈ ಅನುಕೂಲ ಎಂದು ಹುಡುಕಿದರೆ ಹಾಲಿವುಡ್ಡಿನ ಚಿತ್ರೋದ್ಯಮಿ ಲೂಯಿ ಬಿ. ಮೇಯರ್ ಸಿಕ್ಕುತ್ತಾರೆ, ಅವರ ಹೊರತು ಇನ್ನೊಬ್ಬರಿಗೆ ಹೊಂದಿದರೆ ಹೊಂದೀತು. ನಮ್ಮಲ್ಲಿ ವಧು ಬೇಕಾಗಿದ್ದಾಳೆಂಬ ಜಾಹೀರಾತಿನಲ್ಲಿ ಗೋತ್ರ, ನಕ್ಷತ್ರ, ಎತ್ತರ, ಊರು, ಕೇರಿ ಎಲ್ಲ ಹೇಳಿ, ಸೋದರಮಾವನ ಮಗಳಿಗೇ ಹೊಂದುವಂತೆ ಬರೆಯುತ್ತಾರಲ್ಲ, ಅದೇ ಜಾಣತನ. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿದೆ.

ಶಾಸನಕರ್ತರೆಲ್ಲ ಭ್ರಷ್ಟರೆಂದು ಸರ್ರೆ ಬೈದು ಬಿಡಲಿಲ್ಲ. ಅವರ ವಿವರಣೆ ಅದಕ್ಕಿಂತ ಆಳವಾದದ್ದು. ಕಷ್ಟ ಹೇಳಿಕೊಳ್ಳಲು ಬಂದವನು ಸೆನೆಟರನ ಎದುರಿಗೆ ಕಣ್ಣು ಮೂಗು ಇರುವ ಮನುಷ್ಯನಾಗಿ ಕುಳಿತಿರುತ್ತಾನೆ. ಅವನಿಗೆ ಬಿಟ್ಟುಕೊಟ್ಟ ಹಣವನ್ನು ತುಂಬಬೇಕಾದ ಕೋಟ್ಯಂತರ ಜನ ಆ ಕೋಣೆಯಲ್ಲಿ ಇರುವುದಿಲ್ಲ. ಅವರ ಪರವಾಗಿ ಮಾತನಾಡಲು ಇರುವವನು ಖಜಾನೆಯ ಒಬ್ಬ ಬಡಪಾಯಿ ಅಧಿಕಾರಿ. ವಿನಾಯಿತಿ ಕೊಟ್ಟರೆ ಖರ್ಚು ಕಾಣುವುದಿಲ್ಲ. ದಯೆ ಮಾತ್ರ ಕಾಣುತ್ತದೆ. ಈ ನಾಲ್ಕು ಮಾತನ್ನು ಓದಿ ನಮಗೆ ನಮ್ಮ ಕಟ್ಟಡದ ಸೊಸೈಟಿಯ ಸಭೆಯೇ ನೆನಪಾಯಿತು. ಬಾಕಿದಾರನೊಬ್ಬ ಎದುರಿಗೆ ಬಂದು ಕುಳಿತು ಗೋಳು ಹೇಳಿದರೆ ದಂಡ ಮನ್ನಾ ಮಾಡಲು ಕೈ ಎತ್ತದವರಾರು? ನಾವೂ ಎತ್ತಿದ್ದೇವೆ.

1960ರ ಕೊನೆಗೆ ಕೆನೆಡಿಯವರು ಅಧ್ಯಕ್ಷರಾಗಿ ಆರಿಸಿ ಬಂದಾಗ, ತೆರಿಗೆಯ ಬಗ್ಗೆ ಸಲಹೆ ಕೊಡುವ ಮಂಡಲಿಗೆ ಸರ್ರೆಯವರನ್ನು ಮುಖ್ಯರನ್ನಾಗಿ ಮಾಡಿದರು. ಮರುವರ್ಷ ಖಜಾನೆಯಲ್ಲಿ ತೆರಿಗೆ ಧೋರಣೆಯ ಸಹಾಯಕ ಕಾರ್ಯದರ್ಶಿಯ ಸ್ಥಾನಕ್ಕೆ ಹೆಸರಿಸಿದರು. ಈ ನೇಮಕಕ್ಕೆ ಸೆನೆಟಿನ ಒಪ್ಪಿಗೆ ಬೇಕು. ಮೇಷ್ಟರು ಬರೆದದ್ದೆಲ್ಲ ಆಗ ಮೇಜಿನ ಮೇಲೆ ಬಂತು. ಎಣ್ಣೆ ಬಾವಿಗಳ ರಾಜ್ಯದಿಂದ ಬಂದ ಸೆನೆಟರುಗಳಿಗೆ ಈ ಮನುಷ್ಯನ ಮೇಲೆ ಮೊದಲಿನಿಂದಲೂ ಗುಮಾನಿ. ಕಾರಣವೂ ಇತ್ತು. 1926ರಿಂದ ಎಣ್ಣೆ ಕಂಪನಿಗಳು ಬಾವಿಯ ಒಟ್ಟು ವರಮಾನದಲ್ಲಿ ನೂರಕ್ಕೆ 27.5ರಷ್ಟನ್ನು 'ಬಾವಿ ಬರಿದಾಗುತ್ತಿದೆ' ಎಂಬ ಹೆಸರಿನಲ್ಲಿ ತೆರಿಗೆಯಿಂದ ಕಳೆದುಕೊಳ್ಳುತ್ತಿದ್ದವು. ಹಾಕಿದ ಬಂಡವಾಳವೆಲ್ಲ ಹಿಂದಿರುಗಿದ ಮೇಲೂ. ಈ 27.5 ಎಲ್ಲಿಂದ ಬಂತು, ಭೂಗರ್ಭಶಾಸ್ತ್ರದ ಲೆಕ್ಕವೇ ಎಂದರೆ, ಅಲ್ಲ. ಕೆಳಮನೆ 25 ಎಂದಿತು, ಸೆನೆಟು 30 ಎಂದಿತು, ನಡುವೆ ಗೆರೆ ಎಳೆದರು. ಸಂತೆಯಲ್ಲಿ ಕುಂಬಳಕಾಯಿಗೆ ಆಗುವ ಚೌಕಾಶಿ! ಅಂತೂ ಬಿಸಿಬಿಸಿ ವಿಚಾರಣೆಯ ಮೇಲೆ ನೇಮಕ ಸ್ಥಿರವಾಯಿತು. ಕೆನೆಡಿ ಹೋಗಿ ಜಾನ್ಸನ್ ಬಂದರೂ ಸರ್ರೆ 1969ರ ಆರಂಭದವರೆಗೆ ಆ ಕುರ್ಚಿಯಲ್ಲಿದ್ದರು.

ಇಲ್ಲಿಂದಲೇ ನಮ್ಮ ಬಾಯಿಯ ಪ್ರಶ್ನೆಗೆ ಉತ್ತರ ಬರುತ್ತದೆ. 1967ರ ನವಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಹಣಕಾಸಿನವರ ಒಂದು ಕೂಟದ ಮುಂದೆ ಸರ್ರೆ ಭಾಷಣ ಮಾಡಿದರು. ಅದರ ಸಾರಾಂಶ ಇಷ್ಟು. ಸರ್ಕಾರ ಎರಡು ರೀತಿಯಿಂದ ಹಣ ಕೊಡುತ್ತದೆ. ಒಂದು, ಬೊಕ್ಕಸದಿಂದ ತೆಗೆದು ಕೊಡುವುದು. ಅದು ಆಯವ್ಯಯ ಪತ್ರದಲ್ಲಿ ಬರುತ್ತದೆ, ಚರ್ಚೆಯಾಗುತ್ತದೆ. ಇನ್ನೊಂದು, ತೆಗೆದುಕೊಳ್ಳಬೇಕಾದದ್ದನ್ನು ತೆಗೆದುಕೊಳ್ಳದೆ ಬಿಡುವುದು. ಅದು ಎಲ್ಲಿಯೂ ಬರುವುದಿಲ್ಲ. ಎರಡೂ ಖರ್ಚೇ. ಎರಡನೆಯದಕ್ಕೆ ಅವರು ತೆರಿಗೆ ವೆಚ್ಚವೆಂದು ಹೆಸರಿಟ್ಟು, ಖಜಾನೆಯ 1968ರ ವರದಿಯಲ್ಲಿ ಅದರ ಮೊಟ್ಟಮೊದಲ ಪಟ್ಟಿಯನ್ನು ಅಚ್ಚು ಹಾಕಿಸಿದರು. (1957ರಲ್ಲಿ ನಮ್ಮ ದೇಶದಲ್ಲಿ ಬಂದ ವೆಚ್ಚ ತೆರಿಗೆ ಬೇರೆ, ಈ ತೆರಿಗೆ ವೆಚ್ಚ ಬೇರೆ. ಅದು ಖರ್ಚು ಮಾಡಿದವನ ಮೇಲೆ ಹಾಕುವ ತೆರಿಗೆ. ಹಿಂದುಮುಂದಾದರೆ ಸೊಸೆ ಅತ್ತೆಯಾದಷ್ಟು ವ್ಯತ್ಯಾಸ.)

ಮೇಷ್ಟರು 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಕಲ್ಪನೆ ಮಾಡುತ್ತಾರೆ. ಮನೆಸಾಲದ ಬಡ್ಡಿಗೆ ತೆರಿಗೆಯಲ್ಲಿ ಕೊಡುವ ರಿಯಾಯಿತಿಯನ್ನು ನಿಲ್ಲಿಸಿ, ಅದೇ ಹಣವನ್ನು ವಸತಿ ಇಲಾಖೆ ನೇರವಾಗಿ ಕೊಡುತ್ತದೆಂದು ಭಾವಿಸಿರಿ. ಆಗ ಮಂತ್ರಿ ಎದ್ದು ನಿಂತು ಹೀಗೆ ಸಾರಬೇಕಾಗುತ್ತದೆ: ವರ್ಷಕ್ಕೆ ಎರಡು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವ ದಂಪತಿಗಳಿಗೆ ಪ್ರತಿ 100 ಡಾಲರು ಬಡ್ಡಿಯಲ್ಲಿ 70ನ್ನು ಸರ್ಕಾರ ಕಟ್ಟುತ್ತದೆ; ಹತ್ತು ಸಾವಿರ ಗಳಿಸುವವರಿಗೆ 19ನ್ನು ಕಟ್ಟುತ್ತದೆ; ತೆರಿಗೆ ಕೊಡಲೂ ಗತಿಯಿಲ್ಲದವರಿಗೆ ಏನೂ ಇಲ್ಲ. ಇಂಥ ಯೋಜನೆ ತಂದ ಮಂತ್ರಿ ಮರುದಿನ ಮನೆಗೆ ಹೋಗುತ್ತಾನೆ. ಆದರೆ ತೆರಿಗೆಯ ಮುಸುಕು ಹೊದಿಸಿದರೆ ಅದೇ ಯೋಜನೆ ವರ್ಷಗಟ್ಟಲೆ ನಡೆಯುತ್ತದೆ, ಯಾರೂ ಕೇಳುವುದಿಲ್ಲ.

ನಮ್ಮ ಹುಡುಗಿ ಇದನ್ನು ನಮ್ಮ ರೂಪಾಯಿಗೆ ಇಳಿಸಿ ತೋರಿಸಿದಳು. ಒಂದೂವರೆ ಲಕ್ಷ ಉಳಿತಾಯ ಮಾಡಿದರೆ ನೂರಕ್ಕೆ 30ರ ಮೆಟ್ಟಿಲಲ್ಲಿ ನಿಂತವನಿಗೆ 45,000, ಇಪ್ಪತ್ತರವನಿಗೆ 30,000, ಐದರವನಿಗೆ ಹೆಚ್ಚೆಂದರೆ 7,500, ಸೆಸ್ಸು ಬಿಟ್ಟು. ಅಫಜಲಪುರದವಳಿಗೆ ಸೊನ್ನೆ. ಉಳಿಸಿದ ಹಣ ಒಂದೇ, ಉಳಿಸುವ ಕಷ್ಟ ಕೆಳಗೆ ಹೋದಷ್ಟೂ ಹೆಚ್ಚು. ಕೈಗೆ ಬರುವುದು ಮಾತ್ರ ತಲೆಕೆಳಗು. ಬಡವರಿಗೆ ಬೇರೆ ಯೋಜನೆಗಳಿಲ್ಲವೆಂದಲ್ಲ, ಇವೆ. ಆದರೆ ಅವುಗಳ ಹಣ ಸಂಸತ್ತಿನ ಮುಂದೆ ಬರುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ನಮ್ಮಂಥವರ ಬಾಯಲ್ಲಿ 'ಪುಕ್ಕಟೆ' ಎಂದು ಬೈಸಿಕೊಳ್ಳುತ್ತದೆ. ನಮ್ಮ 45,000ವನ್ನು ಪುಕ್ಕಟೆ ಎಂದು ಬೈದವರನ್ನು ನಾವು ಇದುವರೆಗೂ ಕಂಡಿಲ್ಲ.

ಆ ಹೊತ್ತಿಗೆ ನಮ್ಮ ನೆರೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕಾಫಿಗೆ ಬಂದಿದ್ದರು. ಅವರಿಗೆ ಇದು ಸಹಿಸಲಿಲ್ಲ. "ಏನಮ್ಮಾ, ನಾನು ಬೆವರು ಸುರಿಸಿ ದುಡಿದದ್ದು ನನ್ನಲ್ಲೇ ಉಳಿದರೆ ಅದು ಸರ್ಕಾರ ಕೊಟ್ಟ ದಾನವೋ? ಹಾಗಾದರೆ ನನ್ನ ಸಂಬಳವೆಲ್ಲ ಮೊದಲು ಸರ್ಕಾರದ್ದೇ ಎಂದಾಯಿತಲ್ಲ!"

ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಅಮೆರಿಕಾದಲ್ಲಿಯೂ ಈ ಆಕ್ಷೇಪ ಎದ್ದಿತು. ಯೇಲ್ ವಿಶ್ವವಿದ್ಯಾನಿಲಯದ ಬೋರಿಸ್ ಬಿಟ್ಕರ್, ಅವರೂ ತೆರಿಗೆ ಕಾನೂನಿನ ದೊಡ್ಡ ಪ್ರೊಫೆಸರೇ, 1969ರಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಹಾಕಿದರು. ಯಾವುದು ತೆರಿಗೆಯ ಸಹಜ ರೂಪ, ಯಾವುದು ಅದರಿಂದ ಜಾರಿದ ವಿನಾಯಿತಿ ಎಂದು ಗೆರೆ ಎಳೆಯುವವರು ಯಾರು? ಇಷ್ಟು ಆದಾಯದವರೆಗೆ ತೆರಿಗೆಯೇ ಇಲ್ಲ ಎಂಬ ಮಿತಿ ಇದೆ. ಅದೂ ದಾನವೇ, ಇಲ್ಲವೆ ತೆರಿಗೆಯ ಸಹಜ ಅಂಗವೇ? ಗೆರೆ ಗಟ್ಟಿಯಿಲ್ಲದಿದ್ದರೆ ಪಟ್ಟಿಯೂ ಗಟ್ಟಿಯಲ್ಲ. ಹುಡುಗಿ ಇದಕ್ಕೆ ಉತ್ತರ ಕೊಟ್ಟಳು: "ಗೆರೆ ಅಲ್ಲಲ್ಲಿ ಅಳುಕುತ್ತದೆ, ಒಪ್ಪಿದೆ ಅಂಕಲ್. ಆದರೆ ವಿಮೆ ಕೊಂಡವರಿಗೆ ಮಾತ್ರ, ಮನೆ ಕೊಂಡವರಿಗೆ ಮಾತ್ರ ಬಿಡುತ್ತೇವೆ ಎಂದರೆ ಅದು ನಿಮ್ಮ ದುಡ್ಡು ನಿಮಗೆ ಬಿಟ್ಟದ್ದಲ್ಲ, ಒಂದು ಕೆಲಸ ಮಾಡಿಸಲು ಕೊಟ್ಟದ್ದು." ನೆರೆಯವರು ಒಪ್ಪಲಿಲ್ಲ. ನಮಗೆ ಮುಕ್ಕಾಲು ಪಾಲು ಅವಳ ಮಾತೇ ಸರಿ ಕಂಡಿತು. ಕಾಲು ಪಾಲು ಇನ್ನೂ ನೆರೆಯವರ ಕಡೆಯೇ ಇದೆ.

ಪಟ್ಟಿಯಿಂದ ಏನಾಯಿತು ಎಂದು ಕೇಳುವಿರಿ. 1969ರ ಜನವರಿಯಲ್ಲಿ, ಅಧಿಕಾರ ಬಿಡುವ ಮೂರು ದಿನ ಮೊದಲು, ಖಜಾನೆಯ ಕಾರ್ಯದರ್ಶಿ ಜೋಸೆಫ್ ಬಾರ್ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಒಂದು ಅಂಕಿ ಹೇಳಿದರು: 1967ರಲ್ಲಿ ಎರಡು ಲಕ್ಷ ಡಾಲರಿಗೆ ಮೇಲ್ಪಟ್ಟ ಆದಾಯವಿದ್ದ 155 ಮಂದಿ ಬಿಡಿಗಾಸಿನ ಆದಾಯ ತೆರಿಗೆಯನ್ನೂ ಕೊಟ್ಟಿಲ್ಲ, ಅವರಲ್ಲಿ 21 ಮಂದಿಯ ಆದಾಯ ಹತ್ತು ಲಕ್ಷಕ್ಕೂ ಮೇಲೆ. ಸರ್ರೆಯವರ ಕಚೇರಿಯ ಅಭ್ಯಾಸಗಳೇ ಇದರ ಹಿಂದೆ ಇದ್ದವು. ಜನ ಕೆರಳಿದರು. ಆ ವರ್ಷವೇ ಸುಧಾರಣೆಯ ಕಾಯಿದೆ ಬಂದು, ಎಣ್ಣೆಯ 27.5 ಎಂಬುದು 22ಕ್ಕೆ ಇಳಿಯಿತು. 1974ರ ಕಾಯಿದೆಯಿಂದ ತೆರಿಗೆ ವೆಚ್ಚದ ಪಟ್ಟಿ ಪ್ರತಿ ವರ್ಷ ಆಯವ್ಯಯದ ಜೊತೆಗೆ ಬರಲೇಬೇಕೆಂದಾಯಿತು. ಸರ್ರೆ ಆ ವೇಳೆಗೆ ಹಾರ್ವರ್ಡಿಗೆ ಮರಳಿ ಮತ್ತೆ ತರಗತಿಯಲ್ಲಿ ನಿಂತಿದ್ದರು. 1984ರಲ್ಲಿ ತೀರಿಕೊಂಡರು. ಪಾಲ್ ಮ್ಯಾಕ್‌ಡ್ಯಾನಿಯಲ್ ಅವರೊಡನೆ ಬರೆದ ಪುಸ್ತಕ ಮರುವರ್ಷ ಹೊರಬಂತು. ಕಿಂಡಿಗಳನ್ನು ಮುಚ್ಚಿ ದರ ಇಳಿಸುವ ದೊಡ್ಡ ಕಾಯಿದೆ ಅಮೆರಿಕಾದಲ್ಲಿ ಬಂದದ್ದು 1986ರಲ್ಲಿ, ಅವರು ನೋಡಲಿಲ್ಲ. ನೋಡಿದ್ದರೂ ಪೂರಾ ಮೆಚ್ಚುತ್ತಿದ್ದರೆಂದು ನಮಗೇನೂ ಅನಿಸುವುದಿಲ್ಲ. ಮನೆಸಾಲದ ಬಡ್ಡಿಯ ರಿಯಾಯಿತಿ ಆಗಲೂ ಉಳಿಯಿತು.

ಆ ಪಟ್ಟಿ ನಮ್ಮ ದೇಶಕ್ಕೂ ಬಂತು. 2006-07ರ ಕೇಂದ್ರ ಆಯವ್ಯಯದ ಕಾಗದಗಳಲ್ಲಿ ಮೊದಲ ಬಾರಿಗೆ 'ಬಿಟ್ಟುಕೊಟ್ಟ ವರಮಾನ'ದ ತಖ್ತೆ ಸೇರಿತು. ಮುಂದೆ ಹೆಸರು ಬದಲಾಯಿತು, ತಖ್ತೆ ಉಳಿಯಿತು. ಅದರಲ್ಲಿ 80ಸಿಗೂ ಒಂದು ಸಾಲು. 2020ರ ಆಯವ್ಯಯದಲ್ಲಿ ವಿನಾಯಿತಿಗಳನ್ನು ಬಿಟ್ಟುಕೊಟ್ಟವರಿಗೆ ಕಡಿಮೆ ದರವೆಂಬ ಹೊಸ ಪದ್ಧತಿಯೂ ಬಂತು. ಹಳೆಯದು ಬೇಕೆಂದವರಿಗೆ ಹಳೆಯದು. ಇನ್ನೊಂದು ಎಳೆಯೂ ಇದೆ. ಒಂದೇ ಮನೆತನದ ಕಂಪನಿಗಳು ದೇಶದಿಂದ ದೇಶಕ್ಕೆ ಸರಕು ಮಾರಿಕೊಳ್ಳುವಾಗ ಬೆಲೆ ಹೇಗಿರಬೇಕೆಂಬ ಅಮೆರಿಕಾದ ವಿವರವಾದ ನಿಯಮಗಳು 1968ರಲ್ಲಿ, ಸರ್ರೆಯವರ ಕಾಲದಲ್ಲಿಯೇ ಬಂದವು. ನಮ್ಮಲ್ಲಿ ಅಂಥ ಕಾನೂನು 2001ರಲ್ಲಿ ಬಂತು. ಪುಣೆ, ಹೈದರಾಬಾದುಗಳಲ್ಲಿ ಅದೇ ಲೆಕ್ಕ ಬರೆದು ಸಂಬಳ ತರುವ ಹುಡುಗ ಹುಡುಗಿಯರು ನಮ್ಮ ವಾಚಕರ ಮನೆಗಳಲ್ಲಿಯೂ ಇದ್ದಾರು.

ನಮ್ಮ ಹುಡುಗಿಗೂ ಅಂಥದೇ ಕೆಲಸ ಕಾದಿತ್ತು. ಅವಳು ಅಂದು ರಜೆಗೆ ಬಂದ ನಿಜವಾದ ಕಾರಣ ಅದೇ ಎಂದು ಊಟದ ಹೊತ್ತಿಗೆ ತಿಳಿಯಿತು. ಒಂದು ದೊಡ್ಡ ಕಚೇರಿಯವರು ಕರೆದಿದ್ದರು. ಅವಳಿಗೆ ಮಾತ್ರ ಮುಂದೆ ಓದಿ, ತೆರಿಗೆ ಕಾನೂನನ್ನೇ ಪಾಠ ಹೇಳಬೇಕೆಂಬ ಹಟ. "ತೆರಿಗೆಯನ್ನು ಯಾರಾದರೂ ಪಾಠ ಹೇಳುತ್ತಾರೆಯೇ? ಕಟ್ಟುತ್ತಾರೆ, ಇಲ್ಲ ತಪ್ಪಿಸುತ್ತಾರೆ!" ಎಂದು ನಮ್ಮ ಭಾವನವರು ಗದರಿಸಿದ್ದರಂತೆ. ತಾಯಿಗೆ ಮನೆಯ ಸಾಲದ ಚಿಂತೆ. ಅದೂ ಸುಳ್ಳಲ್ಲ, ಕಚೇರಿ ಕೊಡುವ ಸಂಬಳದಲ್ಲಿ ಅರ್ಧವನ್ನೂ ಕಾಲೇಜು ಕೊಡುವುದಿಲ್ಲ.

"ಕಚೇರಿಗೆ ಸೇರಿದರೆ ನಾನು ಕಿಂಡಿ ಹುಡುಕಬೇಕು ಮಾಮ. ಕಿಂಡಿ ಎಷ್ಟಿವೆ ಎಂದು ಎಣಿಸುವವರೂ ಯಾರಾದರೂ ಬೇಡವೇ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ 80ಸಿಯ ಒಂದೂವರೆ ಲಕ್ಷವನ್ನು ಬರೆದು ನಾವು ಸಹಿ ಹಾಕಿದೆವು. ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನಮಗಿಲ್ಲ. ಬಾಯಿಗೆ ಆ ತಿಂಗಳಿಂದ 500 ರೂಪಾಯಿ ಹೆಚ್ಚಿಗೆ ಕೊಡುವುದೆಂದು ಮನೆಯವರು ನಿಶ್ಚಯಿಸಿದರು. ಅದು ಉತ್ತರವಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಹುಡುಗಿ ಕೆಲಸಕ್ಕೆ ಸೇರಲಿಲ್ಲ. ಮುಂದಿನ ಓದಿಗೆ ಅರ್ಜಿ ಹಾಕಿದ್ದಾಳೆ. "ನೀನಾದರೂ ಅವಳಿಗೆ ಬುದ್ಧಿ ಹೇಳಣ್ಣಾ" ಎಂದು ತಂಗಿ ಎರಡು ಸಲ ಫೋನು ಮಾಡಿದಳು. ನಾವು ಇನ್ನೂ ಹೇಳಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಕಾನೂನು ಕಾಲೇಜುಗಳಲ್ಲಿ ಪಾಠ ಹೇಳುವವರು ಯಾರಾದರೂ ಇದ್ದರೆ, ಆ ದಾರಿಯ ಕಷ್ಟಸುಖವನ್ನು ಎರಡು ಸಾಲು ಬರೆದು ಈ ಅಂಕಣಕ್ಕೆ ಕಳಿಸಿರಿ. ನಮ್ಮ ತಂಗಿಗೆ ಓದಿ ಹೇಳುತ್ತೇವೆ.